ತಿರ್ಲಾಪುರ–ದುಮ್ಮವಾಡ ಸಂಬಂಧಗಳು

ಧಾರವಾಡದಲ್ಲಿ ನಾನು ಎಂ.ಎ. ಓದುತ್ತಿದ್ದಾಗ ರಜೆಗೆಂದು ಊರಿಗೆ ಹೋದರೆ ಅಪ್ಪ ಕೇಳುತ್ತಿದ್ದ ಮೊದಲ ಮಾತು ನನ್ನ ಆರೋಗ್ಯದ್ದಲ್ಲ, ಹಾಸ್ಟೆಲ್ ಊಟದ್ದೂ ಅಲ್ಲ. ನಾನು ಕೈಕಾಲು ತೊಳೆದು ಪಡಸಾಲೆಗೆ ಬರುವುದನ್ನೇ ಕಾಯುತ್ತಿದ್ದು, ರೇಡಿಯೋದ ದನಿ ಸಣ್ಣದು ಮಾಡಿ, "ಏನವಾ, ಆ ಇರಾನ್ ಇರಾಕ್ ಜಗಳಾ ಬಗೀಹರೀತೇನ?" ಎನ್ನುತ್ತಿದ್ದ. ಇಲ್ಲ ಎಂದರೆ, "ಮತ್ತ ನಿಮ್ಮ ಕಾಲೇಜಿನಾಗ ಏನ್ ಕಲಸ್ತಾರ?" ಎಂದು ರೇಡಿಯೋ ದನಿಯನ್ನು ಮತ್ತೆ ಏರಿಸುತ್ತಿದ್ದ.

ಅಪ್ಪನದೇನೂ ತಪ್ಪಿರಲಿಲ್ಲ. ಮಗಳು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಾಳೆ ಎಂದು ಇಡೀ ತಿರ್ಲಾಪುರಕ್ಕೆ ಹೇಳಿಕೊಂಡು ಬಂದಿದ್ದ. ಕಟ್ಟೆಯ ಮೇಲೆ ಕೂತವರು "ಹಂಗಂದ್ರೇನ್ರಿ?" ಎಂದರೆ, "ದೇಶ ದೇಶದ ಜಗಳಾ ಬಿಡಸೂದ್ರಿ" ಎನ್ನುತ್ತಿದ್ದ. "ಹಂಗಾರ ಮೊದಲ ಕೆರಿ ದಂಡಿಮ್ಯಾಲಿನ ಹೆಣಮಕ್ಕಳ ಜಗಳಾ ಬಿಡಸಾಕ ಹೇಳ್ರಿ, ಆಮ್ಯಾಲೆ ದೇಶಕ್ಕ ಹೋಗೂಣು" ಎಂದು ಅವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಮೊದಲಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇರುವುದು. ಈಗ ತಲೆ ಬೆಳ್ಳಗಾದರೂ ಅದೇನೂ ಕೆಳಗಿಳಿದಿಲ್ಲ.

ನಮಗೆ ಆ ವಿಷಯ ಕಲಿಸುತ್ತಿದ್ದ ಸರ್ ಒಂದು ಹಟದ ಮನುಷ್ಯರು. ಯಾವ ಜಗಳವೂ ಒಂದೇ ಶಾಸ್ತ್ರಕ್ಕೆ ತಿಳಿಯುವುದಿಲ್ಲ ಎಂಬುದು ಅವರ ಹಟ. "ಒಂದ ಕಿಡಕ್ಯಾಗ ನಿಂತ್ರ ಇಡೀ ಊರು ಕಾಣ್ತದೇನು?" ಎಂದು ಮೊದಲ ದಿನವೇ ಕೇಳಿದ್ದರು. ಅದಕ್ಕೇ ಬೇರೆ ಬೇರೆ ವಿಭಾಗದವರನ್ನು ಚಹಾ ಕುಡಿಸಿ, ಕಾಡಿ ಬೇಡಿ ನಮ್ಮ ತರಗತಿಗೆ ಕರೆತರುತ್ತಿದ್ದರು. ಭೂಗೋಳದವರು ಬಂದರು, ಅರ್ಥಶಾಸ್ತ್ರದವರು ಬಂದರು, ಇತಿಹಾಸದವರು ಬಂದರು, ಕೊನೆಗೆ ಮನಶ್ಶಾಸ್ತ್ರದ ಮೇಡಮ್ಮೂ ಬಂದರು. ನಾವು ಒಬ್ಬೊಬ್ಬರು ಒಂದೊಂದು ಜಗಳ ಆರಿಸಿಕೊಳ್ಳಬೇಕು, ಎರಡು ವರ್ಷವೂ ಅದನ್ನೇ ಇವರೆಲ್ಲರ ಕಣ್ಣಿನಿಂದ ನೋಡಬೇಕು. ಗೆಳತಿಯರು ಅಮೆರಿಕ, ರಷ್ಯಾ ಎಂದು ದೊಡ್ಡ ದೊಡ್ಡದನ್ನೇ ಹಿಡಿದರು. ನಾನು ಅಪ್ಪನ ಕಾಟಕ್ಕೆ ಇರಾನ್ ಇರಾಕ್ ತೆಗೆದುಕೊಂಡೆ.

ನಮ್ಮ ಮನೆಯಲ್ಲೂ ಒಂದು ಜಗಳವಿತ್ತು. ಅದನ್ನು ಯಾವ ರೇಡಿಯೋವೂ ಹೇಳುತ್ತಿರಲಿಲ್ಲ, ಮನೆಯವರೂ ಹೇಳುತ್ತಿರಲಿಲ್ಲ.

ಅವ್ವನ ತವರು ದುಮ್ಮವಾಡ, ಕಲಘಟಗಿ ಕಡೆಯ ಹಳ್ಳಿ. ಅಲ್ಲಿ ಆಯಿ ಇದ್ದಳು, ಅಂದರೆ ಅವ್ವನ ತಾಯಿ. ಜೊತೆಗೆ ಅವ್ವನ ಒಬ್ಬನೇ ತಮ್ಮ, ನನ್ನ ಸೋದರಮಾವ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ "ಇದು ನಮ್ಮ ಮನಿ ಸೊಸಿ" ಎಂದು ಹೇಳಿಬಿಟ್ಟಿದ್ದಳಂತೆ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಕೊಡದಿದ್ದರೇ ಜನ ಹುಬ್ಬೇರಿಸುತ್ತಾರೆ. ಮಾವನೆಂದರೆ ನನಗೆ ಪಂಚಪ್ರಾಣ. ರಜೆಗೆ ಹೋದಾಗ ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯ ಬದುವಿನ ಮೇಲೆಲ್ಲ ತಿರುಗಿಸುತ್ತಿದ್ದ, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದ, ಶೀತವಾದರೆ ತನ್ನ ಟವೆಲ್ಲಿನಿಂದಲೇ ಮೂಗು ಒರೆಸುತ್ತಿದ್ದ. ಅಂಥವನ ಕೂಡ ಮದುವೆಯೇ? ನಾನು ಬಿ.ಎ. ಓದುತ್ತಿದ್ದಾಗ ಆಯಿ ಇಳಕಲ್ ಸೀರೆ, ಮೇಲೊಂದು ಖಣ ತಂದು ನನ್ನ ಉಡಿ ತುಂಬಿ ಹೋದಳು. ಖಣ ಎಂದರೆ ನಮ್ಮ ಕಡೆ ಕುಬಸ ಹೊಲಿಸಲೆಂದು ಕೊಡುವ ಅಂಚಿನ ಬಟ್ಟೆ. ಅವಳು ಬಸ್ಸು ಹತ್ತಿದಳೋ ಇಲ್ಲವೋ, ನಾನು ಮನೆಯನ್ನೇ ಹಾರಿಸಿಬಿಟ್ಟೆ.

"ನಾ ಓದ್ತೇನಿ. ಲಗ್ನಾ ಒಲ್ಲೆ. ಮಾಮಾನ್ನಂತೂ ಒಲ್ಲೇ ಒಲ್ಲೆ! ಅಂವ ನನ್ನ ಸುಂಬಳಾ ಒರಸಿದಾಂವ!"

ಅವ್ವ ಮುಖಕ್ಕೆ ಸೆರಗು ಹಿಡಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಬೈಯುತ್ತಾನೆಂದು ನಾನು ಹೆದರಿದ್ದ ಅಪ್ಪ ಒಂದೇ ಮಾತಿನಲ್ಲಿ, "ಆಕಿ ಓದ್ಲಿ" ಎಂದ. ಆ ಒಂದು ಮಾತಿಗೆ ನಾನು ಅವನಿಗೆ ಜನ್ಮವಿಡೀ ಋಣಿ. ಆದರೆ ಅಪ್ಪ ಬಹಳ ಕಟ್ಟುನಿಟ್ಟಿನವನು. ಬೇರೆಯವರ ಒಂದು ಹಿಡಿ ಕಾಳು ಮನೆಯಲ್ಲಿ ಉಳಿದರೂ ನಿದ್ದೆ ಬಾರದ ಮನುಷ್ಯ. "ಇಲ್ಲಾ ಅಂದಮ್ಯಾಲ ಅವರ ಸೀರಿ ನಮ್ಮ ಮನ್ಯಾಗ ಇರಬಾರದು" ಎಂದವನೇ ತಾನೇ ಟ್ರಂಕು ತೆರೆದು, ಗಂಟು ಕಟ್ಟಿ, ಕಲಘಟಗಿ ಸಂತೆಗೆ ಹೊರಟ ಒಬ್ಬ ವ್ಯಾಪಾರಿಯ ಕೈಗೆ ಕೊಟ್ಟು ಕಳಿಸಿದ. ಅಟ್ಟದ ಮೇಲೆ ತವರಿನಿಂದ ಬಂದ ಕಲಘಟಗಿ ತೊಟ್ಟಿಲಿತ್ತು. ಅದನ್ನೂ ಒಮ್ಮೆ ನೋಡಿದ. "ಇದು ಬಸ್ಸಿನಾಗ ಹಿಡಸೂದಿಲ್ಲ" ಎಂದು ಸುಮ್ಮನಾದ. ಅವ್ವ ಆಗ ಹೊಲದಲ್ಲಿದ್ದಳು.

ಅಲ್ಲಿಗೆ ತವರು ಬಂದ್ ಆಯಿತು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು. ತವರಿಗೆ ಹೋಗಿ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು, ಅವ್ವನ ಮುಂದೆ ಅತ್ತೆಯನ್ನು ಬೈಯಬೇಕು, ಹೊಸ ಕುಬಸದ ಖಣ ಹಾಕಿಸಿಕೊಂಡು ಬರಬೇಕು. ವರ್ಷವಿಡೀ ದುಡಿದವಳಿಗೆ ಆ ನಾಲ್ಕು ದಿನ ಅವಳವೇ. ಆ ವರ್ಷ ಓಣಿಯ ಒಬ್ಬೊಬ್ಬರ ಮನೆಗೂ ಯಾರೋ ಬಂದರು, ನಮ್ಮ ಮನೆಗೆ ಬರಲಿಲ್ಲ. ಅವ್ವ ಹಾಸಿದ ಕಂಬಳಿಯನ್ನೇ ಮೂರು ಸಲ ಕೊಡವಿ ಹಾಸಿದಳು. ಕೊನೆಗೆ ಬುಟ್ಟಿ ತೆಗೆದುಕೊಂಡು ಹೊಲಕ್ಕೆ ಹೊರಟಳು. "ಹಬ್ಬದಾಗ ಭೂಮಿ ಮುಟ್ಟಬಾರದು ಬೇ" ಎಂದೆ. "ಹೆಸರಕಾಯಿ ಬಿಡಸಾಕ ಭೂಮಿ ಯಾಕ ಮುಟ್ಟಬೇಕು? ಗಿಡಾ ಮುಟ್ಟಿದ್ರ ಸಾಕು" ಎಂದು ಹೋಗಿಬಿಟ್ಟಳು. ಮರುವರ್ಷವೂ ಅದೇ. ಅದರ ಮರುವರ್ಷವೂ.

ಅದರ ನಡುವೆ ಇನ್ನೊಂದು ನಡೆಯಿತು. ಒಂದು ದಿನ ಕಲಘಟಗಿ ಕಡೆಗೂ ತಿರುಗುವ ಬಳೆಗಾರ್ತಿ ನಮ್ಮ ಕಟ್ಟೆಯ ಮೇಲೆ ಕೂತು ಅವ್ವನ ಕೈ ಹಿಡಿದು ಹಸಿರು ಬಳೆ ಏರಿಸುತ್ತ, "ಯಾಕ ತಂಗೀ, ತಮ್ಮನ ಲಗ್ನದಾಗ ಕಾಣಲಿಲ್ಲ?" ಎಂದಳು. ಮಾವನಿಗೆ ಮದುವೆಯಾಗಿತ್ತು. ಅಕ್ಕನಿಗೆ ಕರೆ ಬಂದಿರಲಿಲ್ಲ. ಅವ್ವನ ಕೈ ಬಳೆಗಾರ್ತಿಯ ಕೈಯಲ್ಲೇ ಇತ್ತು, ಎಳೆದುಕೊಳ್ಳುವಂತಿರಲಿಲ್ಲ. "ಜ್ವರಾ ಬಂದಿದ್ದುವು" ಎಂದಳು. ಉಳಿದ ಬಳೆಗಳನ್ನು ಸುಮ್ಮನೆ ಹಾಕಿಸಿಕೊಂಡಳು. ಆಮೇಲೆ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ಅವತ್ತು ದುಮ್ಮವಾಡವನ್ನೇ ಸುಟ್ಟುಬಿಡಬೇಕು ಅನ್ನಿಸಿತು.

ಇಷ್ಟನ್ನೂ ಎದೆಯಲ್ಲಿ ಹೊತ್ತುಕೊಂಡು ನಾನು ಧಾರವಾಡದ ತರಗತಿಯಲ್ಲಿ ಕೂತು ಅರಬರ ನದಿಯ ನಕಾಶೆ ನೋಡುತ್ತಿದ್ದೆ.

ಭೂಗೋಳದವರು ಗೋಡೆಗೆ ನಕಾಶೆ ಹಚ್ಚಿ, ಎರಡು ದೇಶದ ನಡುವೆ ಹರಿಯುವ ನದಿ ತೋರಿಸಿ, "ಒಂದು ಕಡೆ ಬೆಟ್ಟ, ಒಂದು ಕಡೆ ಬಯಲು, ಬೆಟ್ಟದವರಿಗೂ ಬಯಲಿನವರಿಗೂ ಊಟ ಬೇರೆ, ಉಡುಪು ಬೇರೆ, ಹೆದರಿಕೆಯೂ ಬೇರೆ" ಎಂದರು. ನಾನು ಬರೆದುಕೊಳ್ಳುವುದು ಬಿಟ್ಟು ಅವ್ವನನ್ನು ನೆನೆದೆ. ಅವಳು ಕೆಂಪು ಮಣ್ಣಿನ ಭತ್ತದ ಸೀಮೆಯಿಂದ ನಮ್ಮ ಕಪ್ಪು ಎರೆ ಸೀಮೆಗೆ ಬಂದವಳು. ಅಲ್ಲಿ ಮಳೆಗೆ ನೀರು ನಿಲ್ಲುತ್ತದೆ, ಇಲ್ಲಿ ಮಳೆಗೆ ಕಾಲೇ ಹೂತುಹೋಗುತ್ತದೆ. ಮದುವೆಯಾದ ಹೊಸದರಲ್ಲಿ ರೊಟ್ಟಿ ಬಡಿಯಲು ಬಾರದೆ ಹಿಟ್ಟಿನ ಮುಂದೆ ಅತ್ತಿದ್ದಳಂತೆ. ಆಗ ತಮ್ಮ ಬಂದಾಗಲೆಲ್ಲ ಹೆಗಲ ಮೇಲೆ ಒಂದು ಚೀಲ ಅಕ್ಕಿ ಹೊತ್ತು ತರುತ್ತಿದ್ದ. ಈಗ ನಮ್ಮ ಮನೆಯ ಅನ್ನಕ್ಕೆ ಅಕ್ಕಿ ನವಲಗುಂದದ ಅಂಗಡಿಯಿಂದ ಬರುತ್ತಿತ್ತು.

ಅರ್ಥಶಾಸ್ತ್ರದವರು ಎಣ್ಣೆ ಎಂದರು. ಯಾವ ಜಗಳದ ಕೆಳಗೂ ಅಗೆದರೆ ಸಿಗುವುದು ಆಸ್ತಿ ಎಂದರು. ನನಗೆ ತಟ್ಟನೆ ಆಯಿಯ ಕೆರೆ ಕೆಳಗಿನ ಗದ್ದೆ ನೆನಪಾಯಿತು. ಹೆಣ್ಣನ್ನು ಮನೆಯೊಳಗೇ ತಂದುಕೊಂಡರೆ ಗದ್ದೆ ಹೊರಗೆ ಹೋಗುವುದಿಲ್ಲ! ಸಿಕ್ಕಿತು ಕಾರಣ ಎಂದು ನಾನು ಕೂತಲ್ಲೇ ಹಿಗ್ಗಿದೆ. ಆದರೆ ಮಾವ ಬೇರೆ ಕಡೆಯ ಹೆಣ್ಣು ತಂದಮೇಲೂ ಸಿಟ್ಟು ಇಳಿದಿರಲಿಲ್ಲವಲ್ಲ. ಗದ್ದೆಯ ಸಿಟ್ಟಾಗಿದ್ದರೆ ಅಷ್ಟರಲ್ಲಿ ಇಳಿಯಬೇಕಿತ್ತು.

ಇತಿಹಾಸದವರು ಇನ್ನೂ ಚೆಂದ ಹೇಳಿದರು. ಜಗಳದ ಕತೆಯನ್ನು ಎಲ್ಲಿಂದ ಶುರು ಮಾಡುತ್ತೀರಿ ಎಂಬುದರಲ್ಲೇ ಅರ್ಧ ಜಗಳವಿದೆ, ಇಬ್ಬರೂ ಒಂದೇ ಕಡೆಯಿಂದ ಶುರು ಮಾಡುವುದಿಲ್ಲ ಎಂದರು. ಹೌದಲ್ಲ! ತಮ್ಮನ ಮದುವೆಗೆ ಅವರು ಕರೆಯಲಿಲ್ಲ ಎನ್ನುವಲ್ಲಿಂದ ನಾವು ಶುರು ಮಾಡುತ್ತೇವೆ. ಅವರು ಎಲ್ಲಿಂದ ಶುರು ಮಾಡುತ್ತಾರೆ?

ಈ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿರುವಾಗಲೇ ಮನಶ್ಶಾಸ್ತ್ರದ ಮೇಡಂ ಬಂದರು. ಮೆಲ್ಲನೆಯ ದನಿ, ಬಿಳಿ ಸೀರೆ. ಕಪ್ಪುಹಲಗೆಯ ಮೇಲೆ ಏನೂ ಬರೆಯಲಿಲ್ಲ. "ಪ್ರತಿಯೊಬ್ಬರಿಗೂ ತಾವು ಮಾಡಿದ್ದು ಉತ್ತರ ಅನ್ನಸ್ತದ, ಎದುರಿನವರು ಮಾಡಿದ್ದು ಹೊಡತ ಅನ್ನಸ್ತದ. ನಿಮ್ಮ ಮನಸಿನಾಗ ಏನಿತ್ತು ಅನ್ನೂದು ಅವರಿಗೆ ಕಾಣಸೂದಿಲ್ಲ. ಕಣ್ಣಿಗೆ ಬಿದ್ದಿದ್ದಷ್ಟ ಕಾಣಸ್ತದ. ಅವರ ಕಣ್ಣಿಗೆ ಏನು ಬಿತ್ತು? ಅದನ್ನ ಹುಡುಕ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಇರಾಕಿನವರು ಇರಾನಿನ ಕಣ್ಣಿಗೆ ಹೆಂಗ ಕಂಡ್ರು?" ಎಂದು ಕೇಳಿದರು.

ನನಗೇನು ಗೊತ್ತು? ಎದ್ದು ನಿಂತು ತಡವರಿಸಿದೆ. ಬಾಯಿಂದ ಬೇರೆಯದೇ ಬಂದುಬಿಟ್ಟಿತು: "ಅದು ಗೊತ್ತಿಲ್ರಿ ಮೇಡಂ. ತಿರ್ಲಾಪುರದವರು ದುಮ್ಮವಾಡದವರ ಕಣ್ಣಿಗೆ ಹೆಂಗ ಕಂಡ್ರು ಅನ್ನೂದ ಗೊತ್ತಿಲ್ಲ ನನಗ."

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಸರ್ ಎದ್ದು ಬಂದು ಸೀಮೆಸುಣ್ಣದಿಂದ 'ತಿರ್ಲಾಪುರ–ದುಮ್ಮವಾಡ ಸಂಬಂಧಗಳು' ಎಂದು ದೊಡ್ಡದಾಗಿ ಬರೆದರು. ನಾನು ಸತ್ತೆ ಅಂದುಕೊಂಡೆ. ಅವರು ನಗಲಿಲ್ಲ. "ಕುಂಡ್ರವಾ. ಇದನ್ನ ಪೂರಾ ಹೇಳು" ಎಂದರು. ನಾನು ಹೇಳಿದೆ. ಬಳೆಗಾರ್ತಿಯ ಮಾತನ್ನೂ ಬಿಡಲಿಲ್ಲ. ಮೇಡಂ ಒಂದೇ ಮಾತು ಕೇಳಿದರು: "ದುಮ್ಮವಾಡ ಇಲ್ಲಿಂದ ಎಷ್ಟು ದೂರ?"

ಬಸ್ಸಿನಲ್ಲಿ ಒಂದು ತಾಸಿನ ಹಾದಿ. ನನ್ನ ಹಾಸ್ಟೆಲ್ಲಿಗೆ ತಿರ್ಲಾಪುರಕ್ಕಿಂತ ದುಮ್ಮವಾಡವೇ ಹತ್ತಿರ.

ಆ ತಿಂಗಳು ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಗ ಅವಳ ರೊಟ್ಟಿಯಷ್ಟು ತೆಳ್ಳನೆಯ ರೊಟ್ಟಿ ಓಣಿಯಲ್ಲೇ ಇರಲಿಲ್ಲ.

"ಯವ್ವಾ, ನಾ ದುಮ್ಮವಾಡಕ್ಕ ಹೋಗಿಬರ್ಲೇನ?"

ಅವಳ ಕೈ ನಿಂತಿತು. "ಬ್ಯಾಡ."

"ಯಾಕಬೇ? ನಾನೇನ್ ಜಗಳಾ ಮಾಡಾಕ ಹೋಗೂದಿಲ್ಲ."

"ನೀ ಜಗಳಾ ಮಾಡೂದಿಲ್ಲಾ? ನಿನ್ನ ಹಡದಾಕಿ ನಾನು" ಎಂದಳು. ಆಮೇಲೆ ದನಿ ತಗ್ಗಿಸಿ, "ಹಂಗಲ್ಲವಾ. ನೀ ಹೋದಿ, ಅವರು ಬಾಗಲಾ ಮುಚ್ಚಿದ್ರು ಅಂತ ತಿಳಿ. ಆಗ ನನಗ ತವರಿಲ್ಲ ಅಂತ ಖಾತ್ರಿ ಆಗತೈತಿ. ಈಗರ ಏನೈತಿ, ಈ ವರ್ಷ ಬರಲಿಲ್ಲ, ಮುಂದಿನ ವರ್ಷ ಬರ್ತಾರು ಅಂತ ಇರ್ತೇನಿ. ಅದನ್ನೂ ಕಸಗೋಬ್ಯಾಡ" ಎಂದಳು.

ಅವಳ ಬಾಜು ಕೂತು ಬಿಸಿ ರೊಟ್ಟಿ ತಿಂದೆ. ಮನಸ್ಸಿನಲ್ಲಿ ಮಾತ್ರ ಆಗಲೇ ಬಸ್ಸು ಹತ್ತಿ ಆಗಿತ್ತು.

ಆ ವರ್ಷ ಪಂಚಮಿಯ ಮುನ್ನಾದಿನ, ನಾಗರ ಚೌತಿಯಂದು ಹಾಸ್ಟೆಲ್ಲಿನಿಂದ ಹೊರಟವಳು ನವಲಗುಂದದ ಬಸ್ಸು ಬಿಟ್ಟು ಕಲಘಟಗಿ ಕಡೆಯ ಮೊದಲ ಬಸ್ಸು ಹತ್ತಿದೆ. ಜಿಟಿಜಿಟಿ ಮಳೆ. ಇಬ್ಬದಿಯ ಗದ್ದೆಯಲ್ಲೂ ನೀರು ನಿಂತಿತ್ತು. ಬಸ್ಸಿನಲ್ಲಿ ಹಬ್ಬಕ್ಕೆ ತವರಿಗೆ ಹೋಗುವ ಹೆಂಗಸರು ತುಂಬಿದ್ದರು. ಒಬ್ಬಳು "ನೀನೂ ತವರಿಗೇನ ತಂಗೀ?" ಎಂದಳು. "ನಮ್ಮವ್ವನ ತವರಿಗೆ" ಎಂದೆ. ಬಾಗಿಲು ಮುಚ್ಚಿದರೆ ಅವ್ವನಿಗೆ ಹೇಳುವುದೇ ಬೇಡ, ಹೋಗಿಯೇ ಇಲ್ಲ ಎಂದು ಇದ್ದುಬಿಡುವುದು ಎಂದು ನಿರ್ಧರಿಸಿಕೊಂಡಿದ್ದೆ.

ಬಾಗಿಲು ತೆರೆದೇ ಇತ್ತು. ಅಂಗಳ ದಾಟಿ ಹೊಸ್ತಿಲಲ್ಲಿ ನಿಂತೆ. ಒಳಗೆ ಪಡಸಾಲೆಯಲ್ಲಿ ಮಣೆಯ ಮೇಲೆ ಮಣ್ಣಿನ ನಾಗಪ್ಪ, ಮುಂದೆ ಉಂಡಿ, ಅರಳು. ಎಲ್ಲರೂ ನನಗೆ ಬೆನ್ನು ಹಾಕಿ ಕೂತಿದ್ದರು. ಆಯಿ ಮುಪ್ಪಾಗಿದ್ದಳು, ಬೆನ್ನು ಬಾಗಿತ್ತು. ಅವಳ ಹಿಂದೆ ಕೂತ ಹೊಸ ಹೆಂಗಸು ಮಾವನ ಹೆಂಡತಿ ಇರಬೇಕು. ಮಾವ ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯುತ್ತಿದ್ದ. ನಾಗಪ್ಪನಿಗೆ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ. ಮನೆಯವರು ಒಬ್ಬೊಬ್ಬರ ಪಾಲೆಂದು ಹೇಳಿ ಒಂದೊಂದು ಹನಿ ಬಿಡುತ್ತಾರೆ, ಅವರಿಗೆಲ್ಲ ತಣ್ಣಗಿರಲಿ ಎಂದು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು."

ಒಂದು ಗಳಿಗೆ ತಡೆದ.

"ಅಕ್ಕನ ಪಾಲು" ಎಂದ. ಹಾಲು ಬಿಟ್ಟ.

ನಾನು ಅಳಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕೂತು ಅಳುತ್ತಿದ್ದರು. ನನಗೆ ಸಿಟ್ಟು ಬಂತು. ಅಲ್ಲಿ ಒಬ್ಬಳು ಕಂಬಳಿ ಕೊಡವಿ ಹಾಸುತ್ತ ಕಾಯುತ್ತಾಳೆ, ಇಲ್ಲಿ ಇವನು ಹಾಲೆರೆಯುತ್ತ ಕೂತಿದ್ದಾನೆ!

"ನಾಗಪ್ಪಗ ಆಕಿ ಪಾಲು ಎರೀತಿ, ಆಕಿನ್ನ ಕರಿಯಾಕ ಬರಾಕ ಏನ್ ಧಾಡಿ ನಿನಗ?" ಎಂದು ಹೊಸ್ತಿಲಲ್ಲಿ ನಿಂತೇ ಕೂಗಿದೆ.

ಎಲ್ಲರೂ ತಿರುಗಿದರು. ಆಯಿ "ಯವ್ವಾ, ನನ ಕೂಸ!" ಎಂದು ಏಳಲು ಹೋಗಿ ಏಳಲಾರದೆ ಕೂತಳು. ಮಾವ ಬಟ್ಟಲು ಕೆಳಗಿಟ್ಟ. ಮುಖ ಕೆಂಪಗಾಗಿತ್ತು.

"ಕರಿಯಾಕ ಬರಬ್ಯಾಡ್ರಿ ಅಂತ ಕಳಿಸಿದವರು ಯಾರು?"

"ಯಾರು? ಯಾರು ಹೇಳಿದ್ರು ಹಂಗಂತ?"

"ಬಾಯಿಲೆ ಯಾಕ ಹೇಳಬೇಕು?" ಎಂದವನೇ ಒಳಗೆ ಹೋಗಿ ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದ. ಅಪ್ಪ ಕಟ್ಟಿ ಕಳಿಸಿದ್ದ ಗಂಟು. ನನ್ನ ಉಡಿಗೆ ಹಾಕಿದ್ದ ಇಳಕಲ್ ಸೀರೆ, ಅದರ ಮೇಲೆ ಹಸಿರು ಖಣ, ಅದರ ಪಕ್ಕದಲ್ಲಿ ಇನ್ನೊಂದು ಕೆಂಪು ಖಣ.

"ಹೆಣ್ಣು ಕೊಡೂದಿಲ್ಲ ಅಂದ್ರಿ, ಬ್ಯಾಡ. ನಿನ್ನ ಸೀರಿ ಹೊಳ್ಳಿ ಕಳಿಸಿದ್ರಿ, ಅದೂ ನ್ಯಾಯ. ಈ ಕೆಂಪ ಖಣ ಯಾರದು ಗೊತ್ತೈತೇನ? ಅದರ ಹಿಂದಿನ ಪಂಚಮಿಗೆ ನಾನ ಅಕ್ಕನ ಉಡಿಗೆ ಹಾಕಿದ್ದು. ತವರವರು ಮಗಳ ಉಡಿಗೆ ಹಾಕಿದ್ದು ಯಾವಾಗರ ಹೊಳ್ಳಿ ಬರತೈತೇನ? ಆಕಿ ಸತ್ತರ ಬರಬೇಕು, ಇಲ್ಲಾ ನಮಗ ನೀವು ಸತ್ತೀರಿ ಅಂದ್ರ ಬರಬೇಕು. ಅವ್ವ ಇದನ್ನ ನೋಡಿ ಎಂಟು ದಿನಾ ಅನ್ನಾ ಬಿಟ್ಟಿದ್ಳು."

ನನ್ನ ತಲೆಯೊಳಗೆ ಎಲ್ಲವೂ ಒಮ್ಮೆಲೇ ಸರಿಯಾಗಿ ಕೂತಿತು. ಆ ವರ್ಷ ಅವ್ವ ಟ್ರಂಕನ್ನು ಬುಡಮೇಲು ಮಾಡಿ ಏನನ್ನೋ ಹುಡುಕಿದ್ದಳು. ಏನು ಎಂದು ಕೇಳಿದರೆ "ಕುಬಸದ್ದೊಂದು ಖಣಾ ಇತ್ತು, ಇಲಿ ಒಯ್ದುವೇನೋ" ಎಂದಿದ್ದಳು. ತವರಿನ ಕೊನೆಯ ಖಣವನ್ನೂ ಕಳೆದುಕೊಂಡೆ ಎಂದು ತನ್ನನ್ನೇ ಬೈದುಕೊಂಡಿದ್ದಳು.

"ಮಾಮಾ" ಎಂದೆ. "ಗಂಟು ಕಟ್ಟಿದ್ದು ಅವ್ವ ಅಲ್ಲ. ಆಕಿ ಹೊಲದಾಗ ಇದ್ಳು. ಕಟ್ಟಿದ್ದು ಅಪ್ಪ. ಟ್ರಂಕಿನಾಗ ಎರಡೂ ಖಣಾ ಬಾಜು ಬಾಜು ಇದ್ದುವು. ಎರಡೂ ಸೀರಿ ಜೋಡಿ ಬಂದಾವ ಅಂತ ತಿಳದಾನ."

ಮಾವ ನನ್ನನ್ನು ದಿಟ್ಟಿಸಿ ನೋಡಿದ. "ಒಂದು ಹಸರು, ಒಂದು ಕೆಂಪು. ಇಷ್ಟೂ ಫರಕು ತಿಳಿಯಲಾರದ ಮನಷ್ಯಾ ಇರ್ತಾನೇನ?"

"ಇರ್ತಾನ. ನಮ್ಮಪ್ಪ."

ಮಾವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಯಿ ಒಮ್ಮೆ ಗಂಟನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ನನ್ನ ಮಗಳಿಗೆ ಗೊತ್ತ ಇಲ್ಲಾ?" ಎಂದಳು. ಗೊತ್ತಿಲ್ಲ ಎಂದೆ. "ಈಗೂ ಗೊತ್ತಿಲ್ಲಾ?" ಇಲ್ಲ ಎಂದೆ. ಅವಳು ಆ ಕೆಂಪು ಖಣವನ್ನು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತಳು. ಆಗ ನಾನೂ ಅತ್ತೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ ಏನೋ.

ಮಾವನ ಹೆಂಡತಿ ನೀರು, ಬೆಲ್ಲ ತಂದು ಕೊಟ್ಟಳು. ಮಾವ ಸೀರೆಯನ್ನು ಮತ್ತೆ ಗಂಟು ಕಟ್ಟುತ್ತ, "ನಿನ್ನ ಲಗ್ನಾ ಆಗಿದ್ರ ದಿನಾ ಹಿಂಗ ಹೊಸ್ತಲದಾಗ ನಿಂತು ಒದರ್ತಿದ್ದಿ. ನಾಗಪ್ಪ ನನ್ನ ಉಳಿಸಿದಾ" ಎಂದ. "ನಿನಗ್ಯಾರು ಆಗ್ತಿದ್ರು?" ಎಂದೆ. ಆಯಿ ಅಳುತ್ತಲೇ ನಕ್ಕಳು. "ಎದ್ದೇಳೋ. ಬಸ್ಸು ನೋಡು. ಹಾಲೆರಿಯೂದು ನಾ ಮುಗಸ್ತೇನಿ" ಎಂದು ಮಗನನ್ನು ದಬ್ಬಿದಳು.

ಧಾರವಾಡಕ್ಕೆ ಬಂದು, ಹುಬ್ಬಳ್ಳಿಗೆ ಬಂದು, ಅಲ್ಲಿಂದ ನವಲಗುಂದದ ಬಸ್ಸು ಹಿಡಿದು ನಾವು ತಿರ್ಲಾಪುರ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಮಾವ ಗಂಟನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೂತಿದ್ದ. ಹುಬ್ಬಳ್ಳಿ ನಿಲ್ದಾಣದಲ್ಲಿ ಮಾತ್ರ ಒಮ್ಮೆ, "ಅಕ್ಕ ಸೊರಗಿ ಹೋಗ್ಯಾಳೇನ?" ಎಂದು ಕೇಳಿದ. ನಾನು ಸುಳ್ಳು ಹೇಳಲಿಲ್ಲ.

ಅಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ನೋಡಿ ಹಗ್ಗ ಬಿಟ್ಟು ಎದ್ದು ನಿಂತ. "ಬಾ ತಮ್ಮಾ" ಎಂದ. ಅವನ ದನಿಯಲ್ಲಿ ಹೆದರಿಕೆ ಇತ್ತು. ಯಾರೋ ತೀರಿಕೊಂಡಿರಬೇಕು ಎಂದುಕೊಂಡನಂತೆ, ಆಮೇಲೆ ಹೇಳಿದ. ಮಾವ ಗಂಟನ್ನು ಅವನ ಮುಂದೆ ಬಿಚ್ಚಿ, ಎರಡು ಖಣಗಳನ್ನು ಜೋಡಿಸಿ ಇಟ್ಟ.

"ಭಾವಾರ, ಇದರಾಗ ಯಾವುದು ಯಾರದು ಹೇಳ್ರಿ ನೋಡೂಣು."

ಅಪ್ಪ ಬಗ್ಗಿ ನೋಡಿದ. ಒಂದನ್ನು ಎತ್ತಿದ, ಇನ್ನೊಂದನ್ನು ಎತ್ತಿದ, ಬೆಳಕಿಗೆ ಹಿಡಿದ. "ಎರಡೂ ಖಣಾನ ಅಲ್ಲೇನು? ಎರಡಕ್ಕೂ ಅಂಚು ಐತಿ" ಎಂದ.

ಮಾವ ನನ್ನ ಕಡೆ ತಿರುಗಿ, "ಖರೇನ ಹೇಳಿದಿಲೇ" ಎಂದ. ಆಮೇಲೆ ಕೆಂಪು ಖಣದ ಕತೆಯನ್ನು ಅಪ್ಪನಿಗೆ ಸಾವಕಾಶವಾಗಿ ಹೇಳಿದ. ಅಪ್ಪ ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತ. ಪೇಟಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಅವರದೇನೂ ನನ್ನ ಮನ್ಯಾಗ ಉಳೀಬಾರದು ಅಂತ ಮಾಡಿದ್ನೋ ತಮ್ಮಾ. ಆಕಿದೂ ಕಳಿಸಿಬಿಟ್ಟೆ? ಇಷ್ಟು ವರ್ಷ ಆಕಿ..." ಎಂದವನು ಮೀಸೆ ಒರೆಸಿಕೊಂಡ. ಅಪ್ಪನ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅವ್ವ ಹೊಲದಿಂದ ಬಂದಳು. ಉಡಿ ತುಂಬ ಹೆಸರುಕಾಯಿ, ಕಾಲಿಗೆಲ್ಲ ಎರೆ ಮಣ್ಣು. ಊರಬಾಗಿಲ ಅಗಸಿಯ ಕಡೆಯಿಂದಲೇ ತಮ್ಮನನ್ನು ಕಂಡಿರಬೇಕು. ಓಡಲೂ ಇಲ್ಲ, ನಿಲ್ಲಲೂ ಇಲ್ಲ. ಅದೇ ನಡಿಗೆಯಲ್ಲಿ ಬಂದು ಅವನ ಎದುರು ನಿಂತಳು.

"ಅವ್ವ ಅರಾಮ ಅದಾಳ?"

"ಅದಾಳ."

"ಉಂಡಿಯೇನ?"

"ಇಲ್ಲ. ನಿನ್ನ ಕರಿಯಾಕ ಬಂದೇನಿ" ಎಂದ ಮಾವ. "ಅಕ್ಕಾ, ಅದು ಏನಾಗಿತ್ತಂದ್ರ, ಆ ಗಂಟಿನಾಗ..."

"ಹಾದ್ಯಾಗ ಹೇಳು" ಎಂದಳು ಅವ್ವ. "ಹುಬ್ಬಳ್ಳಿ ಬಸ್ಸು ಬರೂ ಹೊತ್ತಾತು."

ನಾನು "ಸೀರಿರ ಬದಲಿಸು ಬೇ, ಕಾಲರ ತೊಳಕೋ" ಎಂದೆ. ಅಪ್ಪ "ಉಂಡರ ಹೋಗ್ರಿ, ನಾಳೆ ಮುಂಜಾನೆ ಹೋದ್ರಾತು" ಎಂದ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೂ ಹೋಗಲಿಲ್ಲ. ಇವರು ಮನಸ್ಸು ಬದಲಿಸಿಬಿಟ್ಟರೆ ಎಂದು ಹೆದರಿದ್ದಳೋ ಏನೋ. ನಿಂತ ಕಾಲಲ್ಲೇ ತಿರುಗಿ ಬಸ್ಸು ನಿಲ್ಲುವ ಕಡೆ ನಡೆದಳು. ಮಾವ ಖಣ ಹಿಡಿದುಕೊಂಡು ಹಿಂದೆ ಓಡಿದ. ನಾನು ಅವಳ ಒಂದು ಸೀರೆಯನ್ನು ಚೀಲಕ್ಕೆ ತುರುಕಿಕೊಂಡು ಓಡಿದೆ. ಕೊನೆಗೆ ಅಪ್ಪನೂ ಪೇಟಾ ಇಲ್ಲದೆ, ಬರಿತಲೆಯಲ್ಲಿ ನಮ್ಮ ಹಿಂದೆ ಬಂದ. ಬರಿತಲೆಯಲ್ಲಿ ಅವನು ಮನೆಯ ಕಟ್ಟೆ ಇಳಿದದ್ದನ್ನು ಊರು ಎಂದೂ ಕಂಡಿರಲಿಲ್ಲ. ಕಟ್ಟೆಯವರು ಎದ್ದು ನಿಂತು ನೋಡಿದರು, ಒಬ್ಬರೂ ನಗಲಿಲ್ಲ.

ಬಸ್ಸು ಬಂತು. ಅವ್ವ ಮೊದಲು ಹತ್ತಿದಳು. ಕಿಟಕಿಯ ಬಾಜು ಕೂತಳು, ಉಡಿಯ ಹೆಸರುಕಾಯಿಯನ್ನು ಹಾಗೆಯೇ ಎರಡೂ ಕೈಯಿಂದ ಹಿಡಿದುಕೊಂಡು. ಮಾವ ಪಕ್ಕದಲ್ಲಿ ಕೂತು ಏನೋ ಹೇಳತೊಡಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಯಾರು ಕೊಟ್ಟರೆಂದು ನೋಡದೆಯೇ ತೆಗೆದುಕೊಂಡಳು. ಬಸ್ಸು ಹೊರಟಿತು. ನಾನು ಕೈ ಬೀಸಿದೆ, ಅಪ್ಪನೂ ಕೈ ಎತ್ತಿದ. ಅವಳು ತಮ್ಮನ ಕಡೆಯಿಂದ ಕತ್ತು ತಿರುಗಿಸಲೇ ಇಲ್ಲ.

ಬಸ್ಸು ಎರೆಯ ಬಯಲಿನಲ್ಲಿ ಸಣ್ಣದಾಗುವವರೆಗೂ ನಾವಿಬ್ಬರೂ ನಿಂತೆವು.

"ನೋಡವಾ" ಎಂದ ಅಪ್ಪ, "ಹೊಳ್ಳಿ ಸುದ್ದಾ ನೋಡಲಿಲ್ಲ ನಿಮ್ಮವ್ವ."

ಅಷ್ಟು ಸಂತೋಷದಿಂದ ಅಪ್ಪ ಯಾರನ್ನೂ ದೂರಿದ್ದನ್ನು ನಾನು ಕೇಳಿರಲಿಲ್ಲ.